ಓಡಿ ಬಂದ ತಕ್ಷಣ ಕಾಫಿ ಬೇಡ

ನೆಹರೂ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಓಡುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಹೇಳುತ್ತಿದ್ದೇನೆ. ಜೋರು ಓಟದ ನಂತರ 3ರಿಂದ 6 ಗಂಟೆ ಹೊತ್ತಿಗೆ ರಕ್ತದಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರುತ್ತದೆ. ಅದು ಏರಿದಾಗ ಕರುಳು ಕಬ್ಬಿಣಾಂಶವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹಾಗಾಗಿ ಓಟ ಮುಗಿದ ಅರ್ಧ ಗಂಟೆಯೊಳಗೇ ತಿಂಡಿ ತಿನ್ನಿ. ಮೊಳಕೆ ಹುರುಳಿ ಉಸಲಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಹೀರಿಕೊಳ್ಳಲು ಬಹಳ ಒಳ್ಳೆಯದು, ನೆಲ್ಲಿಕಾಯಿಯೂ ಆದೀತು. ಕಾಫಿ, ಟೀ ಕಬ್ಬಿಣ ಹೀರಿಕೊಳ್ಳುವುದಕ್ಕೆ ಅಡ್ಡಿ, ತಿಂಡಿಯಾಗಿ ಒಂದು ಗಂಟೆ ಬಿಟ್ಟು ಕುಡಿಯಿರಿ. ಮಲೆನಾಡಿನ ಚಳಿಗೆ ಕಷ್ಟವೇ, ಗೊತ್ತು.

ಕೊಡಚಾದ್ರಿ ಹತ್ತಿ ಇಳಿದ ಮರುದಿನವೇ ರಕ್ತಪರೀಕ್ಷೆಗೆ ಹೋಗಬೇಡಿ. ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ಹೇಳುವ ಫೆರಿಟಿನ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಸತುವಿನ ಮಟ್ಟವೂ ಏರುಪೇರಾಗಿರುತ್ತದೆ. ಎರಡು ದಿನ ವಿಶ್ರಾಂತಿ ಪಡೆದು ಹೋಗಿ. ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ನುಂಗಲೇಬೇಡಿ, ಅತಿಯಾದರೆ ಸತು ಹೀರಿಕೊಳ್ಳುವುದಕ್ಕೂ ಅಡ್ಡಿ.