ಗೋಮಾಳ ಉಳಿಸಿಕೊಳ್ಳಲು ನಾವು ದನ ಎಣಿಸಿದೆವು

ಸೋಲಾರ್ ಬೇಡ ಅಂತ ನಾವು ಯಾವತ್ತೂ ಹೇಳಲಿಲ್ಲ. ನಾಗಮಂಗಲ ಕಡೆಯ ನಮ್ಮ ಊರಿಗೆ ನಾಲೆ ನೀರಿಲ್ಲ, ಬೋರ್‌ವೆಲ್ಲೇ ಗತಿ. ರಾತ್ರಿ ತ್ರೀಫೇಸ್ ಕೊಟ್ಟರೆ ಟಾರ್ಚ್ ಹಿಡಿದು ಮೋಟರ್ ಹಾಕಲು ಹೋಗುವವರು ನಾವೇ. ಹಗಲಲ್ಲಿ ಕರೆಂಟ್ ಬಂದರೆ ಯಾರಿಗೆ ಬೇಡ? ನಮ್ಮ ತಕರಾರೆಲ್ಲ ಜಾಗದ್ದು. ಸೋಲಾರ್ ಘಟಕ ಹಾಕಲು ಬಂದ ಕಂಪನಿಯವರು ಕಣ್ಣಿಟ್ಟಿದ್ದು ಊರಿನ ಗೋಮಾಳದ, ಅಂದರೆ ದನ ಮೇಯಲು ಬಿಟ್ಟ ಸರ್ಕಾರಿ ಜಾಗದ ಮೇಲೆ.

ಒಂದು ಮೆಗಾವ್ಯಾಟ್‌ಗೆ 4ರಿಂದ 5 ಎಕರೆ ಬೇಕು. ಬೇಲಿ ಬಿದ್ದ ಮೇಲೆ ಒಳಗೆ ಮೇಕೆಯೂ ನುಗ್ಗುವಂತಿಲ್ಲ. ಪರಿಸರ ಅನುಮತಿ ಕೊಡುವ ಮುಂಚೆ ಅಹವಾಲು ಸಭೆ ಕರೀತಾರಲ್ಲ, ಅಲ್ಲೇ ಹಿಡಿದು ಕೇಳೋಣ ಅಂತ ಊರಿನವರು ಕಾದರು. ಆದರೆ ಸೋಲಾರ್ ಪ್ಯಾನೆಲ್ ಘಟಕಗಳಿಗೆ ಕೇಂದ್ರ ಸರ್ಕಾರದ 2006ರ ಪರಿಸರ ಅಧಿಸೂಚನೆ ಪ್ರಕಾರ ಪರಿಸರ ಅನುಮತಿಯೇ ಬೇಕಿಲ್ಲ. ಅನುಮತಿ ಬೇಡ ಅಂದಮೇಲೆ ಆ ಸಭೆಯೂ ಇಲ್ಲ.

ದಾರಿ ತೋರಿಸಿದವರು ಪಕ್ಕದೂರಿನ ಒಬ್ಬ ನಿವೃತ್ತ ಗ್ರಾಮಲೆಕ್ಕಿಗರು. 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ 97ನೇ ನಿಯಮ ಓದಿ ಅಂದರು. ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿಗೆ ಬಿಡಬೇಕು. "ಘೋಷಣೆ ಕೂಗೋದು ಆಮೇಲೆ ಇರಲಿ. ಮೊದಲು ಊರಲ್ಲಿ ದನ ಎಷ್ಟಿವೆ ತೋರ್ಸಿ ಸ್ವಾಮಿ."

ಕಡತ ತೆಗೆಸಿ ನೋಡಿದರೆ ದನ ಕಡಿಮೆ, ಅವಕ್ಕೆ ಬೇಕಾದ್ದಕ್ಕಿಂತ ಗೋಮಾಳ ಹೆಚ್ಚುವರಿ ಎಂದು ಬರೆದಿತ್ತು. ಸರಿ, ಎಣಿಸಲು ಹೊರಟೆವು. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಹೋದರೆ ದನ ಕೊಟ್ಟಿಗೆಯಲ್ಲೇ ಇರುತ್ತವೆ. ಪ್ರತಿ ದನದ ಕಿವಿಯ ಟ್ಯಾಗ್‌ನಲ್ಲಿ 12 ಅಂಕಿ ಇರುತ್ತದಲ್ಲ, ಮಾಲೀಕರ ಹೆಸರಿನ ಮುಂದೆ ಅದನ್ನೇ ಬರೆದುಕೊಂಡೆವು. ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ಇಲಾಖೆಯವರೇ ದಾಖಲಿಸುವ ನಂಬರ್ ಅದು. ಸುಳ್ಳು ಲೆಕ್ಕ ಅನ್ನಲು ಯಾರಿಗೂ ಆಗುವುದಿಲ್ಲ. ಕಷ್ಟವಾಗಿದ್ದು ಎಣಿಕೆಯಲ್ಲ, ಜನರ ಭಯ. "ದನ ಜಾಸ್ತಿ ಬರ್ಸುದ್ರೆ ರೇಷನ್ ಕಾರ್ಡ್ ಹೋಯ್ತದಂತೆ ಕಣಪ್ಪ" ಅಂತ ಒಬ್ಬ ಅಜ್ಜಿ ಕೊಟ್ಟಿಗೆ ಬಾಗಿಲೇ ತೆಗೆಯಲಿಲ್ಲ. ಡೇರಿ ಕಾರ್ಯದರ್ಶಿ ಬಂದು ಸಮಾಧಾನ ಹೇಳಬೇಕಾಯಿತು.

ಊರ ಹುಡುಗರದು ಇನ್ನೊಂದು ಕಥೆ. ಪ್ಲಾಂಟ್ ಬಂದರೆ ಕೆಲಸ ಸಿಗುತ್ತದೆ ಅಂತ ಅವರ ಲೆಕ್ಕ. ತಪ್ಪೇನಲ್ಲ. ಅವರನ್ನೇ ಪಾವಗಡದ ಸೋಲಾರ್ ಪಾರ್ಕ್‌ಗೆ ಕರೆದುಕೊಂಡು ಹೋದೆವು. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ಸರ್ಕಾರ ಜಮೀನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಜಮೀನಿದ್ದವರು ನೆಮ್ಮದಿಯಾಗಿದ್ದೇವೆ ಅಂದರು, ಅದನ್ನೂ ಮುಚ್ಚಿಡದೆ ಊರಲ್ಲಿ ಹೇಳಿದೆವು. ಕೂಲಿ ಮಾಡುತ್ತಿದ್ದವರ, ಕುರಿ ಮೇಯಿಸುತ್ತಿದ್ದವರ ಮಾತು ಬೇರೆಯೇ ಇತ್ತು. ಗೋಮಾಳ ಹೋದರೆ ಬಾಡಿಗೆ ಯಾರ ಕೈಗೆ ಬರುತ್ತದೆ ಅನ್ನುವ ಪ್ರಶ್ನೆಯನ್ನು ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗರೇ ಎತ್ತಿದರು.

ಆಮೇಲೆ ಗ್ರಾಮಸಭೆ. ನಿರ್ಣಯ ಪುಸ್ತಕದಲ್ಲಿ ಬರೆಸಿ, ನಡವಳಿಯ ಪ್ರತಿ ಕೈಗೆ ಬರುವವರೆಗೂ ಯಾರೂ ಎದ್ದು ಹೋಗಲಿಲ್ಲ. ಅದಕ್ಕೆ ದನದ ಪಟ್ಟಿ, ಪಹಣಿ, ಗ್ರಾಮ ನಕ್ಷೆ ಸೇರಿಸಿ ತಹಶೀಲ್ದಾರ್, ಪಾಂಡವಪುರದ ಎಸಿ (ಉಪವಿಭಾಗಾಧಿಕಾರಿ), ಮಂಡ್ಯದ ಡಿಸಿ (ಜಿಲ್ಲಾಧಿಕಾರಿ) ಮೂವರಿಗೂ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆದೆವು. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ಜಂಟಿ ಸರ್ವೆ ನಡೆಯಿತು. ನಿಜಕ್ಕೂ ಹೆಚ್ಚುವರಿ ಅಂತ ಉಳಿದದ್ದು ಬಂಡೆ ಕಡೆಯ ತುಂಡು ಮಾತ್ರ. ಅದನ್ನು ಬಿಟ್ಟುಕೊಟ್ಟೆವು. ತಮಗೆ ಬೇಕಿದ್ದ ಉಳಿದ ಜಾಗವನ್ನು ಕಂಪನಿಯವರು ಸಬ್‌ಸ್ಟೇಷನ್ ಹತ್ತಿರ ಒಪ್ಪಿದ ರೈತರಿಂದ ಗುತ್ತಿಗೆಗೆ ಪಡೆದಿದ್ದಾರೆ. ಕೆರೆಗೆ ನೀರು ಬರುವ ಹಳ್ಳವನ್ನು ಘಟಕದ ನಕ್ಷೆಯಿಂದ ಹೊರಗಿಡಿಸಿದೆವು. ದನ ಓಡಾಡುವ ದಾರಿಯ ಅಗಲ ಎಷ್ಟಿರಬೇಕು ಅನ್ನುವ ಜಗ್ಗಾಟ ಮಾತ್ರ ಇನ್ನೂ ಮುಗಿದಿಲ್ಲ.