ಮೆತ್ತಗಾಗದ ಕುಂಬಳದ ಕ್ರೊಸ್ಟಿನಿ

ಎಲೆಗಳು ಕೆಂಪಾಗುವ ಹೊತ್ತಿಗೆ ಅಮೆರಿಕದ ಅಂಗಡಿಗಳಲ್ಲಿ ಬಟರ್‌ನಟ್ ಕುಂಬಳ ರಾಶಿ ಬೀಳುತ್ತದೆ. ಅಲ್ಲಿನ ನಮ್ಮವರ ಮನೆಗಳಿಗೆ ಗೊಂಬೆ ನೋಡಲು, ದೀಪಾವಳಿ ಊಟಕ್ಕೆ ಜನ ಬರುವುದೂ ಆಗಲೇ. ಊಟಕ್ಕೆ ಮುಂಚೆ ಕೈಗೆ ಕೊಡಲು ಇಟಲಿಯವರ ಕ್ರೊಸ್ಟಿನಿಗಿಂತ ಚೆಂದದ್ದು ಸಿಗುವುದು ಕಷ್ಟ. ಬ್ರೆಡ್ಡಿನ ಪುಟ್ಟ ಬಿಲ್ಲೆಗಳನ್ನು ಗರಿಗರಿಯಾಗಿ ಸುಟ್ಟು, ಮೇಲೆ ರಿಕೋಟಾ ಎಂಬ ಮೆದು ಚೀಸ್ ಸವರಿ, ಹುರಿದ ಕುಂಬಳ ಕೂರಿಸಿ, ಕೆಂಪಗೆ ಕಾಯಿಸಿದ ಬೆಣ್ಣೆ ಹನಿಸಿ, ಸೇಜ್ ಎಂಬ ಪರಿಮಳದ ಸೊಪ್ಪಿನ ಒಂದು ಎಲೆ ಇಡುವುದು, ಅಷ್ಟೆ. ಇದು ಕೆಡುವುದು ಬಹುಪಾಲು ನೀರಿನಿಂದ. ಬ್ರೆಡ್ಡಿನಲ್ಲಿ, ರಿಕೋಟಾದಲ್ಲಿ, ಕುಂಬಳದಲ್ಲಿ, ಬೆಣ್ಣೆಯಲ್ಲಿ, ತೊಳೆದ ಎಲೆಯ ಮೇಲೆ, ಎಲ್ಲೆಲ್ಲೂ ನೀರಿದೆ. ಒಂದೊಂದರದ್ದನ್ನೂ ಮೊದಲೇ ತೆಗೆದರೆ ಟೋಸ್ಟು ತಟ್ಟೆಯಿಂದ ಬಾಯಿಗೆ ಹೋಗುವವರೆಗೂ ಗರಿಯಾಗಿರುತ್ತದೆ.

ಹನ್ನೆರಡು ಜನರಿಗೆ ಮೂವತ್ತು ಬಿಲ್ಲೆ ಸಾಕು. ಅದಕ್ಕೆ ಒಂದು ಉದ್ದ ಬಗೆಟ್ ಬ್ರೆಡ್, 1 ಕಿಲೋ ತೂಗುವ ಒಂದು ಬಟರ್‌ನಟ್, 400 ಗ್ರಾಂ ರಿಕೋಟಾ, ಉಪ್ಪಿಲ್ಲದ ಬೆಣ್ಣೆ 60 ಗ್ರಾಂ, ಮೂವತ್ತು ಸೇಜ್ ಎಲೆ, ಆಲಿವ್ ಎಣ್ಣೆ 6 ದೊಡ್ಡ ಚಮಚ, ಒಂದು ನಿಂಬೆಹಣ್ಣು, ಉಪ್ಪು, ಕಾಳುಮೆಣಸು.

ಬಗೆಟ್ ಹಿಂದಿನ ದಿನದ್ದಾದರೆ ಒಳ್ಳೆಯದು. ಅಂದಂದಿನದು ಚಾಕುವಿಗೆ ಅಂಟಿ ಹರಿಯುತ್ತದೆ. ಹಲ್ಲಿನ ಚಾಕುವಿನಿಂದ ಓರೆಯಾಗಿ, 1 ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ. ಇನ್ನೂ ತೆಳುವಾದರೆ ಕಚ್ಚಿದಾಗ ಚೂರುಚೂರಾಗಿ ರೇಷ್ಮೆ ಸೀರೆಯ ಮೇಲೆ ಬೀಳುತ್ತದೆ. ದಪ್ಪವಾದರೆ ನಡುವೆ ಮೆತ್ತಗೆ ಉಳಿದು ಎಳೆದು ತಿನ್ನಬೇಕಾಗುತ್ತದೆ. ಎರಡೂ ಬದಿಗೆ ಎಣ್ಣೆ ಸವರಿ. ಈ ಎಣ್ಣೆ ರುಚಿಗಷ್ಟೇ ಅಲ್ಲ, ಮೇಲಿನ ತೇವ ಬೇಗ ಒಳಗಿಳಿಯದಂತೆ ತಡೆಯುತ್ತದೆ. ಓವನ್ 190 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ 375 ಫ್ಯಾರನ್‌ಹೀಟ್‌ನಲ್ಲಿ, ಎಂಟರಿಂದ ಹತ್ತು ನಿಮಿಷ ಇಡಿ, ಅರ್ಧದಲ್ಲಿ ಮಗುಚಿ. ಅಂಚು ಹೊಂಬಣ್ಣಕ್ಕೆ ಬಂದು, ನಡುವೆ ಬೆರಳಿಗೆ ಒಂಚೂರು ಬಗ್ಗುವಾಗಲೇ ತೆಗೆಯಿರಿ; ಆರುತ್ತ ಗಟ್ಟಿಯಾಗುತ್ತದೆ. ಬಿಸಿ ಟ್ರೇಯಲ್ಲೇ ಬಿಟ್ಟರೆ ಅಡಿಯಲ್ಲಿ ಹಬೆ ಸಿಕ್ಕಿಕೊಂಡು ತಳ ಮೆತ್ತಗಾಗುತ್ತದೆ, ತಂತಿಜಾಲರಿಯ ಮೇಲೆ ಆರಿಸಿ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿದರೆ ಎರಡು ದಿನ ಹಾಗೇ ಇರುತ್ತದೆ. ಮೇಲೆ ಹಾರುವ ಟೋಸ್ಟರ್ ಈ ಕೆಲಸಕ್ಕೆ ಆಗದು. ಹೊರಗೆ ಕೆಂಪಾಗುತ್ತದೆ, ಒಳಗಿನ ನೀರು ಒಳಗೇ ಉಳಿಯುತ್ತದೆ.

ಬಟರ್‌ನಟ್ ನಮ್ಮ ಸಿಹಿಗುಂಬಳದ ಬಂಧುವೇ. ಆದರೆ ತಿರುಳು ಹೆಚ್ಚು ಬಿಗಿ, ನೀರು ಕಡಿಮೆ, ಆದ್ದರಿಂದ ಹುರಿಯಲು ಅದೇ ಸರಿ. ಸಿಪ್ಪೆ ಹೆರೆಯುವಾಗ ಅದರ ಸೊನೆ ಕೈಗೆ ಹತ್ತಿ, ಒಣಗಿ, ಚರ್ಮ ಬಿಗಿದಂತಾಗುತ್ತದೆ. ಹಲಸಿನಹಣ್ಣು ಬಿಡಿಸುವಾಗ ಮಾಡುವಂತೆ ಮೊದಲೇ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಹೋಳು 1 ಸೆಂಟಿಮೀಟರ್ ಚೌಕಕ್ಕಿಂತ ದೊಡ್ಡದು ಬೇಡ, ಬಿಲ್ಲೆಯ ಮೇಲಿಂದ ಉರುಳುತ್ತದೆ. ಒಣ ಬಟ್ಟೆಯಲ್ಲಿ ಒತ್ತಿ, 2 ದೊಡ್ಡ ಚಮಚ ಎಣ್ಣೆ, ಕಾಳುಮೆಣಸಿನ ಪುಡಿ ಸೇರಿಸಿ. ಉಪ್ಪನ್ನು ಮಾತ್ರ ಓವನ್ನಿಗೆ ಇಡುವ ಕ್ಷಣಕ್ಕೆ ಹಾಕಿ. ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ. ಹೋಳುಗಳ ನಡುವೆ ಬೆರಳಿನಷ್ಟು ಜಾಗವಿರಲಿ, ಬೇಕಾದರೆ ಎರಡು ಟ್ರೇ ಹಿಡಿಯಿರಿ. ಒತ್ತಾಗಿ ಹರಡಿದರೆ ಒಂದರ ಹಬೆಗೆ ಇನ್ನೊಂದು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ, ಪಲ್ಯದ ಹದಕ್ಕೆ ನಿಲ್ಲುತ್ತದೆ. 220 ಡಿಗ್ರಿಯಲ್ಲಿ, 425 ಫ್ಯಾರನ್‌ಹೀಟ್, ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಮೊದಲ ಹದಿನೈದು ನಿಮಿಷ ಕೈ ಹಾಕಬೇಡಿ, ತಳ ಕೆಂಪಾಗಲಿ. ಹೆಚ್ಚಿ ಶೈತ್ಯದಲ್ಲಿಟ್ಟು ಮಾರುವ ಹೋಳುಗಳು ಕೆಂಪಾಗುವ ಮೊದಲೇ ಕರಗುತ್ತವೆ, ಅವು ಸೂಪಿಗಿರಲಿ.

ಡಬ್ಬಿಯ ರಿಕೋಟಾವನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಒಂದು ಗಂಟೆ ಜರಡಿಯ ಮೇಲಿಡಿ. ಮನೆಯಲ್ಲೇ ಮಾಡುವುದಾದರೆ 2 ಲೀಟರ್ ಕೆನೆಹಾಲು ಉಕ್ಕುವ ಮುನ್ನ, ಅಂಚಿನಲ್ಲಿ ಗುಳ್ಳೆ ಕಟ್ಟುವಾಗ, ಉರಿ ಆರಿಸಿ 4 ದೊಡ್ಡ ಚಮಚ ನಿಂಬೆರಸ ಬಿಟ್ಟು ಒಂದೆರಡು ಸಲ ಮಾತ್ರ ಕದಡಿ. ಹತ್ತು ನಿಮಿಷ ಬಿಟ್ಟು ಬಸಿಯಿರಿ. ಭಾರ ಹೇರಿದರೆ ಅದು ಪನೀರ್ ಆಗುತ್ತದೆ, ನಮಗೆ ಬೇಕಾದದ್ದು ಸವರುವ ಹದ. ಇಟಲಿಯಲ್ಲಿ ಚೀಸ್ ಮಾಡಿ ಉಳಿದ ತಿಳಿನೀರನ್ನು ಮತ್ತೆ ಕಾಯಿಸಿ ರಿಕೋಟಾ ತೆಗೆಯುತ್ತಾರೆ. ಆ ಹೆಸರಿನ ಅರ್ಥವೇ ಮತ್ತೆ ಬೇಯಿಸಿದ್ದು. ಇಲ್ಲಿ ಹಾಲಿನಿಂದ ಮಾಡಿದರೂ ಟೋಸ್ಟಿಗೆ ಕೊರತೆಯಿಲ್ಲ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಬರುವುದಾದರೆ ಮನೆಯದೇ ನೆಮ್ಮದಿ. ಪಾರ್ಮಿಜಾನೊ ರೆಜ್ಜಾನೊ ಎಂಬ ಗಟ್ಟಿ ಚೀಸ್ ತುರಿದು ಉದುರಿಸಲು ಹೇಳುವವರಿದ್ದಾರೆ, ಆದರೆ ಅದರ ಹಾಲು ಒಡೆಸುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ. ಅಂಥವರ ತಟ್ಟೆಗೆ ಅದು ಬೇಡ. ಬಸಿದ ರಿಕೋಟಾಕ್ಕೆ ಕಾಲು ಟೀ ಚಮಚ ಉಪ್ಪು, ನಿಂಬೆಸಿಪ್ಪೆಯ ಹಳದಿ ಭಾಗದ ತುರಿ, ಮೆಣಸು ಕಲಸಿ.

ಬೆಣ್ಣೆ ಕಾಯಿಸುವುದು ತುಪ್ಪ ಕಾಯಿಸಿದವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಚಟಪಟ ಸದ್ದು ನೀರು ಹೋಗುತ್ತಿರುವುದರ ಗುರುತು; ಸದ್ದಡಗಿ ನೊರೆ ಏರಿ, ತಳದ ಗಸಿ ಹುರಿಗಡಲೆಯ ಬಣ್ಣಕ್ಕೆ ಬರಬೇಕು. ತುಪ್ಪಕ್ಕೆ ಗಸಿ ಸೋಸುತ್ತೇವೆ, ಇಲ್ಲಿ ಅದನ್ನೇ ಉಳಿಸಿಕೊಳ್ಳಬೇಕು, ರುಚಿಯೆಲ್ಲ ಅದರಲ್ಲೇ ಇರುವುದು. ಕಪ್ಪು ತಳದ ಬಾಣಲೆಯಲ್ಲಿ ಬಣ್ಣ ಕಾಣುವುದಿಲ್ಲ, ಸ್ಟೀಲಿನದು ತೆಗೆದುಕೊಳ್ಳಿ. ಸದ್ದಡಗುತ್ತಲೇ ಸೇಜ್ ಎಲೆಗಳನ್ನು ಎಂಟೆಂಟರಂತೆ ಬಿಡಿ, ಅರ್ಧ ನಿಮಿಷದೊಳಗೆ ಗುಳ್ಳೆ ನಿಲ್ಲುತ್ತದೆ, ಆಗ ತೆಗೆದು ಕಾಗದದ ಮೇಲೆ ಹರಡಿ. ಎಲೆಯಲ್ಲಿ ಒಂದು ಹನಿ ನೀರಿದ್ದರೂ ಕೈಗೆ ಸಿಡಿಯುತ್ತದೆ, ತೊಳೆದು ಒರೆಸಿಟ್ಟಿರಬೇಕು. ಕಡೆಯ ಎಲೆ ತೆಗೆದ ಕೂಡಲೇ ಬೆಣ್ಣೆಯನ್ನು ಬಟ್ಟಲಿಗೆ ಸುರಿಯಿರಿ, ಬಾಣಲೆಯ ಕಾವಿಗೇ ಗಸಿ ಸೀದು ಕಹಿಯಾಗುತ್ತದೆ. ಸೇಜ್ ಸಿಗದಿದ್ದರೆ ಕರಿಬೇವು ಹುರಿಯಿರಿ, ಕುಂಬಳಕ್ಕೆ ಅದೂ ಒಪ್ಪುತ್ತದೆ, ಆದರೆ ಎರಡನ್ನೂ ಸೇರಿಸಬೇಡಿ. ಒಣ ಸೇಜ್ ಪುಡಿ ಧೂಳಿನ ರುಚಿ ಕೊಡುತ್ತದೆ.

ಜೋಡಿಸುವುದು ಜನ ಬಂದು ಕೂತ ಮೇಲೆ. ಬಿಲ್ಲೆಗೊಂದು ತುಂಬು ಟೀ ಚಮಚ ರಿಕೋಟಾ, ಅಂಚು ಬಿಟ್ಟು ಸವರಿ, ಬೆಚ್ಚಗಿನ ಕುಂಬಳದ ಐದಾರು ಹೋಳನ್ನು ಮೆಲ್ಲಗೆ ಒತ್ತಿ ಕೂರಿಸಿ. ಅರ್ಧ ಟೀ ಚಮಚಕ್ಕೂ ಕಡಿಮೆ ಬೆಣ್ಣೆ, ಎರಡು ಹನಿ ನಿಂಬೆರಸ, ಮೇಲೊಂದು ಎಲೆ. ಜೇನು ಹಾಕುವ ರೂಢಿಯಿದೆ, ಆದರೆ ಕುಂಬಳವೇ ಸಿಹಿ, ಬೇಕಿರುವುದು ಹುಳಿ. ಕುದಿಯುವಷ್ಟು ಬಿಸಿ ಹೋಳು ಇಟ್ಟರೆ ರಿಕೋಟಾ ನೀರಾಗುತ್ತದೆ. ಒಂದೇ ಸಲಕ್ಕೆ ಮೂವತ್ತನ್ನೂ ಕಟ್ಟದೆ ಹದಿನೈದು ಕಳಿಸಿ, ಅದು ಖಾಲಿಯಾಗುವಾಗ ಉಳಿದದ್ದು. ಇಪ್ಪತ್ತು ನಿಮಿಷ ದಾಟಿದರೆ ಗರಿ ಇಳಿಯುತ್ತದೆ.

ಕುಂಬಳದ ಬದಲು ಮರಸೇಬಿನ ತೆಳು ಹೋಳು, ಹುರಿದ ಅಕ್ರೋಟು ಇಟ್ಟರೂ ನಡೆಯುತ್ತದೆ. ಮರಸೇಬು ಕಾಯಿಗಟ್ಟಾಗಿರಲಿ, ಹೆಚ್ಚಿದೊಡನೆ ನಿಂಬೆರಸ ಸವರಿ, ಕಪ್ಪಾಗುವುದಿಲ್ಲ. ಕಟ್ಟದೆ ಉಳಿದ ಬಿಲ್ಲೆಗಳು ಡಬ್ಬಿಗೆ ಹೋಗಲಿ. ಮೆತ್ತಗಾದರೆ 160 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟರೆ ಮತ್ತೆ ಗರಿಯಾಗುತ್ತವೆ. ಉಳಿದ ಹೋಳುಗಳನ್ನು ಮರುದಿನ ಮಸೆದು ಮೊಸರಿನ ಸಾಸಿವೆಗೆ ಹಾಕಬಹುದು.