ಒಡೆದ ಲೈನಿಂಗ್ ಮುಂದೆ ನಡೆದ ಪಾಠ: ಫರ್ನೇಸ್ ಹೆಲ್ಪರ್‌ಗಳ ತರಬೇತಿಯಲ್ಲಿ ನನ್ನ ಅನುಭವ

ಬಳ್ಳಾರಿ–ಕೊಪ್ಪಳ ಭಾಗದ ಸಣ್ಣ ಉಕ್ಕಿನ ಕಾರ್ಖಾನೆಗಳಲ್ಲಿ ತರಬೇತಿಯೆಂದರೆ ಮಾರ್ಚ್ ತಿಂಗಳ ಸುರಕ್ಷತಾ ಸಪ್ತಾಹದಲ್ಲಿ ಬ್ಯಾನರ್ ಕಟ್ಟಿ ಫೋಟೊ ತೆಗೆಸಿಕೊಳ್ಳುವುದು ಎಂಬ ಭಾವನೆ ಇನ್ನೂ ಹೋಗಿಲ್ಲ. ಆದ್ದರಿಂದಲೇ, ವಿದ್ಯುತ್ತಿನಿಂದ ಉಕ್ಕು ಕರಗಿಸುವ 8 ಟನ್ನಿನ ಎರಡು ಇಂಡಕ್ಷನ್ ಫರ್ನೇಸ್‌ಗಳಿರುವ ನಮ್ಮ ಮೆಲ್ಟಿಂಗ್ ಶಾಪಿನಲ್ಲಿ ಹೆಲ್ಪರ್‌ಗಳಿಗೆ ಪಾಠ ಹೇಳಿಯೇ ಲೈನಿಂಗ್, ಅಂದರೆ ಫರ್ನೇಸಿನ ಒಳಗೋಡೆಗೆ ಹಾಕುವ ಶಾಖ ತಡೆಯುವ ಪದರದ ಬಾಳಿಕೆಯನ್ನು 12–13 ಹೀಟ್‌ನಿಂದ 18ರ ಆಸುಪಾಸಿಗೆ (ಒಂದು ಸಲ ಕರಗಿಸಿ ಸುರಿಯುವುದೇ ಒಂದು ಹೀಟ್) ತಂದೆವು ಎಂದರೆ ಅಕ್ಕಪಕ್ಕದವರು ನಂಬುವುದಿಲ್ಲ. ಅದೂ ಚಾರ್ಜಿನಲ್ಲಿ (ಕರಗಿಸಲು ಹಾಕುವ ಸಾಮಗ್ರಿಯಲ್ಲಿ) ಅರ್ಧಕ್ಕಿಂತ ಹೆಚ್ಚು, ಲೈನಿಂಗನ್ನು ಬೇಗ ಸವೆಸುವ ಸ್ಪಾಂಜ್ ಐರನ್ ಇರುವಾಗ! ಲಾಗ್‌ಬುಕ್ ತೆರೆದು ತೋರಿಸಲು ನಾನು ಸಿದ್ಧನಿದ್ದೇನೆ.

ಇದಕ್ಕೆ ಮೊದಲು ಆಡಳಿತದವರು ಹೊರಗಿನ ಏಜೆನ್ಸಿಯೊಂದಕ್ಕೆ ಒಂದೂವರೆ ಲಕ್ಷದಷ್ಟು ಕೊಟ್ಟು ತರಗತಿ ನಡೆಸಿದ್ದರು. ಇಂಗ್ಲಿಷ್ ಸ್ಲೈಡುಗಳು, ಎ.ಸಿ. ಕೋಣೆ, ರಾತ್ರಿ ಪಾಳಿ ಮುಗಿಸಿ ಬಂದು ಕೂತಲ್ಲೇ ತೂಕಡಿಸುವ ಜನ. ಪಾಳಿಯ ನಂತರದ ಹೊತ್ತನ್ನು ದುಡಿಮೆಯೆಂದು ಲೆಕ್ಕ ಹಿಡಿದರೆ ಆಗಿನ ಕಾರ್ಖಾನೆ ಕಾಯ್ದೆಯ 59ನೇ ಕಲಮಿನಂತೆ ದುಪ್ಪಟ್ಟು ಕೂಲಿ ಕೊಡಬೇಕಾಗುತ್ತಿತ್ತು. ಲೆಕ್ಕ ವಿಭಾಗದವರು ಅದಕ್ಕೆ ಒಪ್ಪಲಿಲ್ಲ, ಕಾರ್ಮಿಕರು ಬಿಟ್ಟಿ ಕೂರಲು ಒಪ್ಪಲಿಲ್ಲ. ಎರಡನೆಯ ಬ್ಯಾಚಿಗೇ ಅದು ನಿಂತುಹೋಯಿತು. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಹಿಂದಿ, ತೆಲುಗು, ಕನ್ನಡದ ಧ್ವನಿ ಸಂದೇಶಗಳನ್ನು ಕಳಿಸಿ ನೋಡಿದೆವು. ಶಾಪಿನೊಳಗೆ ಫೋನ್ ತರುವಂತಿಲ್ಲ, ರೂಮಿಗೆ ಹೋದವರು ಕೇಳುವುದಿಲ್ಲ.

ನಾನು ಹಿಡಿದ ದಾರಿ ಬೇರೆ. ಸವೆದ ಲೈನಿಂಗನ್ನು ಒಡೆದು ತೆಗೆಯುವ ದಿನ ಫರ್ನೇಸ್ ಹೇಗೂ ನಿಂತಿರುತ್ತದೆ, ಹೆಲ್ಪರ್‌ಗಳು ಪಾಳಿಯಲ್ಲೇ ಇರುತ್ತಾರೆ. ಅದೇ ಹೊತ್ತಿನಲ್ಲಿ ಮುಕ್ಕಾಲು ಗಂಟೆ ಪಾಠ ಇಟ್ಟೆವು. ಒಡೆದ ಗೋಡೆಯ ತುಂಡನ್ನು ಕೈಗೆ ಕೊಟ್ಟರೆ ಬೇರೆ ಚಿತ್ರ ಬೇಕಾಗುವುದಿಲ್ಲ: ಲೋಹದ ಕಡೆಗೆ ಗಾಜಿನಂತೆ ಬಿಗಿದ ಕಪ್ಪು ಪದರ, ನಡುವೆ ಉಗುರಿನಿಂದ ಕೆರೆದರೆ ಉದುರುವ ಅರೆಬೆಂದ ಪದರ, ಹೊರಗೆ ಸುತ್ತಿದ ವಿದ್ಯುತ್ ಕಾಯಿಲ್ ಕಡೆಗೆ ಹಾಕಿದಂತೆಯೇ ಉಳಿದ ಬಿಳಿ ಪುಡಿ. ಹಿಂಬದಿಯ ಪುಡಿ ಎಲ್ಲಿ ಇಲ್ಲವಾಗಿದೆಯೋ ಅಲ್ಲಿ ಲೋಹ ಕಾಯಿಲ್‌ಗೆ ಎಷ್ಟು ಹತ್ತಿರ ಬಂದಿತ್ತೆಂದು ಬೆರಳಿಟ್ಟು ತೋರಿಸಿದ ಮೇಲೆ, ಕರೆಂಟು ನೆಲಕ್ಕೆ ಸೋರುವುದನ್ನು ತೋರಿಸುವ ಅರ್ತ್ ಲೀಕೇಜ್ ಮೀಟರ್ ಮುಳ್ಳು ಏಕೆ ಏರುತ್ತದೆಂದು ಪ್ರತ್ಯೇಕವಾಗಿ ವಿವರಿಸಬೇಕಾಗಲಿಲ್ಲ. ಮೇಲೆ ಸ್ಕ್ರ್ಯಾಪ್ ಬ್ರಿಡ್ಜ್ ಆದಾಗ (ಕರಗದೆ ಅಡ್ಡಲಾಗಿ ಸಿಕ್ಕಿಕೊಂಡಾಗ) ಪವರ್ ತಗ್ಗಿಸದೆ ಕರಗಿಸುತ್ತಾ ಹೋದ ಹೀಟಿನ ಗುರುತೂ ಕೆಳಗಿನ ಗೋಡೆಯಲ್ಲಿ ಹಾಗೇ ಇರುತ್ತದೆ. ಅದನ್ನು ಯಾವ ಪಾಳಿ ಮಾಡಿತ್ತೆಂದು ನಾನು ಕೇಳುವುದಿಲ್ಲ. ಕೇಳಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಪಾಠ ಹೇಳುವವನು ನಾನಲ್ಲ, ಲೈನಿಂಗ್ ಮೇಸ್ತ್ರಿ. ಒಂದು ಪಾಠಕ್ಕೆ ಅವನಿಗೆ 200 ರೂಪಾಯಿ ಹೆಚ್ಚುವರಿ. ವಿದ್ಯೆ ಹಂಚಿದರೆ ತನ್ನ ಕೆಲಸಕ್ಕೇ ಕುತ್ತು ಎಂದು ಹಿಂಜರಿಯುತ್ತಿದ್ದ ಮನುಷ್ಯ ಹಣಕ್ಕಿಂತ ‘ಮಾಸ್ಟರ್‌ಜೀ’ ಎಂಬ ಬಿಹಾರಿ ಹುಡುಗರ ಕರೆಗೇ ಹೆಚ್ಚು ಕರಗಿದ. ಅವನನ್ನು ಮೊದಲು ಒಪ್ಪಿಸಿದ್ದು ಹೇಗೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅಷ್ಟಾದರೂ ನನ್ನ ಬಳಿಯೇ ಇರಲಿ.

ನಡುವೆ ಒಂದು ಪೀಪಾಯಿ ಪ್ರಯೋಗವನ್ನೂ ಮಾಡಿದೆ. 200 ಲೀಟರಿನ ಹಳೆಯ ಎಣ್ಣೆ ಪೀಪಾಯಿಯ ನಡುವೆ ಅಗಲವಾದ ಕಬ್ಬಿಣದ ಪೈಪೊಂದನ್ನು, ಲೈನಿಂಗ್ ಹಾಕುವಾಗ ನಡುವೆ ಇಡುವ ಅಚ್ಚಾದ ಫಾರ್ಮರ್‌ನಂತೆ ನಿಲ್ಲಿಸಿ, ಸುತ್ತಲಿನ ಸಂದಿಗೆ ರ‍್ಯಾಮಿಂಗ್ ಮಾಸ್ (ಲೈನಿಂಗಿನ ಪುಡಿ) ಬದಲು ಒಣ ಮರಳನ್ನು ಪದರ ಪದರವಾಗಿ ಹಾಕಿ ಫೋರ್ಕ್‌ನಿಂದ ಚುಚ್ಚಿಸುವುದು. ಅದೇ ಸಂದಿಯಲ್ಲಿ ಯಾರ ಮರಳು ಹೆಚ್ಚು ತೂಗುತ್ತದೆಯೋ ಅವನ ಕೈ ಗಟ್ಟಿ. ದಪ್ಪ ಪದರ ಹಾಕಿ ಬೇಗ ಮುಗಿಸುವವನಿಗೂ ಸಣ್ಣ ಪದರಗಳಲ್ಲಿ ಗಾಳಿ ಬಿಡಿಸುತ್ತಾ ಬರುವವನಿಗೂ ಹತ್ತು ಕಿಲೋದಷ್ಟು ವ್ಯತ್ಯಾಸ ಕಂಡದ್ದುಂಟು. ಖರ್ಚು ಏನೂ ಇಲ್ಲ, ಅದೇ ಮರಳು ಮತ್ತೆ ಬರುತ್ತದೆ. ಮಾಸ್ ಬೆಸೆದುಕೊಳ್ಳಲು ಸೇರಿಸುವ ಬೋರಿಕ್ ಆ್ಯಸಿಡ್ಡನ್ನು ಕಣ್ಣಳತೆಯಲ್ಲಿ ಬೆರೆಸುವ ಚಾಳಿಯನ್ನು ಬಿಡಿಸಲು ಇಂಥ ಉಪಾಯ ಯಾವುದೂ ಸಿಗಲಿಲ್ಲ. ಕೊನೆಗೆ ಸ್ಟೋರ್‌ನಿಂದಲೇ ತೂಗಿದ ಪೊಟ್ಟಣ ಕೊಡಿಸಿದೆ.

ಪೀಪಾಯಿ, ತುಂಡು ಗುರುತಿಸುವುದು, ನಿಜವಾದ ಲೈನಿಂಗ್, ಈ ಮೂರರಲ್ಲೂ ಗೆದ್ದವನಿಗೆ ದಿನಕ್ಕೆ 30 ರೂಪಾಯಿ ಕೂಲಿ ಏರಿಕೆ. ಕಲಿತವರು ಗಿಣಿಗೇರಾ ಕಡೆಯ ಕಾರ್ಖಾನೆಗಳಿಗೆ ಹಾರಿಹೋಗುತ್ತಾರೆಂದು ಲೆಕ್ಕ ವಿಭಾಗದ ಹಿರಿಯರು ತಕರಾರು ತೆಗೆದರು. ಕೆಲವರು ಹೋದದ್ದು ನಿಜ. ಆದರೆ ಒಂದೊಂದು ಲೈನಿಂಗ್ ಬದಲಾವಣೆಗೂ ಮಾಸ್, ಫಾರ್ಮರ್, ಸಿಂಟರಿಂಗ್ (ಹೊಸ ಲೈನಿಂಗನ್ನು ಕಾಯಿಸಿ ಗಟ್ಟಿ ಮಾಡುವ) ಕರೆಂಟು, ನಿಂತ ಉತ್ಪಾದನೆ ಎಲ್ಲ ಸೇರಿ ಲಕ್ಷದ ಹತ್ತಿರ ಬೀಳುವಾಗ, ತಿಂಗಳಿಗೆ ಏಳೆಂಟು ಬದಲಾವಣೆ ಉಳಿದರೆ ಆ 30 ರೂಪಾಯಿ ಯಾವ ಲೆಕ್ಕ? ಈಗ ಅವರೇ ಮುಂದಿನ ಬ್ಯಾಚ್ ಯಾವಾಗ ಎಂದು ಕೇಳುತ್ತಾರೆ.

ಸರ್ಟಿಫಿಕೇಟ್ ಬೇಕೆಂದವರನ್ನು ಪೂರ್ವಕಲಿಕೆ ಗುರುತಿಸುವ ಸರ್ಕಾರಿ ಯೋಜನೆಯ ಪರೀಕ್ಷೆಗೆ ಕಳಿಸಿದೆವು, ಹೆಚ್ಚಿನವರು ಪಾಸಾದರು. ಇನ್ನು ಉಳಿದಿರುವುದು ಕ್ರೇನ್ ಆಪರೇಟರ್‌ಗಳು. ಹೊಸ ಲೈನಿಂಗ್ ಎಷ್ಟೇ ಚೆನ್ನಾಗಿ ಕೂತಿದ್ದರೂ ಮೊದಲ ಹೀಟಿಗೇ ಭಾರೀ ಸ್ಕ್ರ್ಯಾಪನ್ನು ಎತ್ತರದಿಂದ ಬಿಟ್ಟರೆ ತಳ ಬಿರುಕು ಬಿಡುತ್ತದೆ. ಹಾಗಾಗಿ ಮುಂದಿನ ಬ್ಯಾಚಿನಿಂದ ಅವರನ್ನೂ ಕ್ಯಾಬಿನ್ನಿನಿಂದ ಇಳಿಸಿ, ಒಡೆದ ತಳದ ಮುಂದೆ ನಿಲ್ಲಿಸಲಿದ್ದೇವೆ.